ಕೋರೆಯ ಕೆಸರೋ, ಅಡಕೆಯ ಮದ್ದೋ? ತೋಡಿನ ಶಿಲೀಂಧ್ರಗಳನ್ನು ಎಣಿಸಿ ತಿಳಿಯುವ ಬಗೆ

"ನಮ್ಮ ತೋಡಿನ ಮೇಲ್ಗಡೆ ಗುಡ್ಡೆಯಲ್ಲಿ ಕಲ್ಲಿನ ಕೋರೆ ಶುರುವಾಗಿದೆ. ನೀರು ಪರೀಕ್ಷೆಗೆ ಕೊಟ್ಟರೆ ಎಲ್ಲವೂ ಮಿತಿಯೊಳಗಿದೆ ಎಂದು ವರದಿ ಬರುತ್ತದೆ. ಆದರೆ ತೋಡು ಮೊದಲಿನ ಹಾಗಿಲ್ಲ. ಇದನ್ನು ತೋರಿಸಿಕೊಡುವುದು ಹೇಗೆ?" ಕಾಸರಗೋಡಿನ ಗಡಿ ಪಂಚಾಯತುಗಳ ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಕಾಲೇಜಿನ ಅಧ್ಯಾಪಕರು, ಪಂಚಾಯತಿನ ಜೀವವೈವಿಧ್ಯ ಸಮಿತಿಯವರು, ತೋಟದವರು ಎಲ್ಲರೂ ಕೇಳುತ್ತಾರೆ. ಒಂದು ಬಾಟಲಿ ನೀರು ಆ ಒಂದು ಗಳಿಗೆಯ ಸಂಗತಿಯನ್ನು ಮಾತ್ರ ಹೇಳುತ್ತದೆ. ನೀರಿನಲ್ಲಿ ಬಿದ್ದ ಎಲೆಯ ಮೇಲೆ ಬೆಳೆಯುವ ಶಿಲೀಂಧ್ರಗಳು ಕಳೆದ ಹಲವು ವಾರಗಳ ಲೆಕ್ಕ ಕೊಡುತ್ತವೆ. ಆ ಲೆಕ್ಕವನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ. ಒಂದು ಸೂಕ್ಷ್ಮದರ್ಶಕವೂ ಒಂದಿಷ್ಟು ತಾಳ್ಮೆಯೂ ಇದ್ದರೆ ಯಾವ ಕಾಲೇಜಿನಲ್ಲೂ ಇದನ್ನು ಮಾಡಬಹುದು.

ಯಾವ ಶಿಲೀಂಧ್ರ, ಯಾಕೆ ಅದೇ

ಹರಿಯುವ ನೀರಿನಲ್ಲಿ ಬಿದ್ದ ಎಲೆಗೆ ಮೊದಲು ಹತ್ತುವುದು ಜಲವಾಸಿ ಹೈಫೋಮೈಸೀಟುಗಳು ಎಂಬ ಗುಂಪಿನ ಶಿಲೀಂಧ್ರಗಳು. 1942ರಲ್ಲಿ ಸಿ. ಟಿ. ಇಂಗೋಲ್ಡ್ ಇಂಗ್ಲೆಂಡಿನ ಒಂದು ತೊರೆಯ ಆಲ್ಡರ್ ಎಲೆಗಳಲ್ಲಿ ಇವುಗಳನ್ನು ಗುರುತಿಸಿ ವಿವರಿಸಿದ ಕಾರಣ ಇಂಗೋಲ್ಡಿಯನ್ ಶಿಲೀಂಧ್ರಗಳು ಎಂಬ ಹೆಸರೂ ಇದೆ. ನಮ್ಮ ಕಡೆಯ ತೊರೆಗಳಲ್ಲಿ ಇವುಗಳ ಅಧ್ಯಯನವನ್ನು 1980ರ ದಶಕದಲ್ಲಿ ನಡೆಸಿದವರು ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಕೆ. ಎಂ. ಕಾವೇರಿಯಪ್ಪ. ಆ ವಿಶ್ವವಿದ್ಯಾಲಯ ಇರುವ ಕೊಣಾಜೆಯಿಂದ ಕಾಸರಗೋಡಿನ ಮಂಜೇಶ್ವರಕ್ಕೆ ಎಷ್ಟು ದೂರ? ಅಲ್ಲಿನ ತೊರೆಗಳಲ್ಲಿ ಕಂಡವು ಬಹುಪಾಲು ನಿಮ್ಮ ತೋಡಿನಲ್ಲೂ ಸಿಗುತ್ತವೆ.

ಎಲೆಯಲ್ಲಿರುವ ನಾರನ್ನು ಮೆತ್ತಗೆ ಮಾಡಿ, ಅದಕ್ಕೆ ಸತ್ವ ಸೇರಿಸುವುದು ಇವುಗಳ ಕೆಲಸ. ಹಾಗೆ ಹದವಾದ ಎಲೆಯನ್ನೇ ನೀರಹುಳುಗಳು, ಏಡಿಗಳು ತಿನ್ನುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಶಿಲೀಂಧ್ರ ಸೋತರೆ ಎಲೆ ಎಲೆಯಾಗಿಯೇ ಉಳಿಯುತ್ತದೆ, ಮೇಲಿನವಕ್ಕೆ ಊಟ ಕಡಿಮೆಯಾಗುತ್ತದೆ.

ಗಣಿ ನೀರು ಸೇರಿದಾಗ ಏನಾಗುತ್ತದೆ ಎಂಬುದರ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿರುವುದು ಜರ್ಮನಿಯ ಮಾನ್ಸ್‌ಫೆಲ್ಡ್ ಪ್ರದೇಶದಲ್ಲಿ. ಶತಮಾನಗಳ ಕಾಲ ತಾಮ್ರದ ಗಣಿಗಾರಿಕೆ ನಡೆದು 1990ರಲ್ಲಿ ನಿಂತ ಜಾಗ ಅದು. ಅಲ್ಲಿನ ತೊರೆಗಳ ಅಧ್ಯಯನದಲ್ಲೂ ಶ್ರೀಧರ್ ಪಾಲ್ಗೊಂಡಿದ್ದರು. ಸತು, ತಾಮ್ರ ವಿಪರೀತ ಇರುವ ನೀರಿನಲ್ಲೂ ಶಿಲೀಂಧ್ರ ಪೂರ್ತಿ ನಾಶವಾಗುವುದಿಲ್ಲ. ಜಾತಿಗಳು ಕಡಿಮೆಯಾಗಿ, ತಾಳಿಕೊಳ್ಳಬಲ್ಲ ಕೆಲವೇ ಜಾತಿ ಉಳಿಯುತ್ತವೆ. ಇಂಥ ಕೆಲಸಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಇನ್ನೊಂದು ಸಂಗತಿ ನಮಗೆ ತುಂಬ ಉಪಯೋಗದ್ದು. ಲೋಹ ತಾಗಿದಾಗ ಎಲೆಯೊಳಗಿನ ಶಿಲೀಂಧ್ರದ ಎಳೆಗಳಿಗಿಂತ ಮೊದಲೇ, ಅದಕ್ಕಿಂತ ತೀವ್ರವಾಗಿ ಕುಸಿಯುವುದು ಬೀಜಾಣುಗಳ ಉತ್ಪತ್ತಿ. ಹಾಗಾಗಿ ನಾವು ಎಣಿಸುವುದು ಬೀಜಾಣುಗಳನ್ನು.

ಆದರೆ ಮಾನ್ಸ್‌ಫೆಲ್ಡಿನ ತೀರ್ಮಾನವನ್ನು ಹಾಗೇ ತಂದು ಕಾಸರಗೋಡಿಗೆ ಅಂಟಿಸಬೇಡಿ. ನಮ್ಮಲ್ಲಿ ಇರುವುದು ಕೆಂಪುಕಲ್ಲಿನ ಕೋರೆ, ಕಗ್ಗಲ್ಲಿನ ಕೋರೆ, ಜಲ್ಲಿ ಕ್ರಷರು, ಹೊಯ್ಗೆ ತೊಳೆಯುವ ಘಟಕ. ಇವುಗಳಿಂದ ಬರುವುದು ಮುಖ್ಯವಾಗಿ ನುಣುಪಾದ ಕೆಸರು, ಜೊತೆಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಇರುವ ಕೆಂಪು ಹುಡಿ, ಯಂತ್ರಗಳ ಎಣ್ಣೆ, ಸ್ಫೋಟಕದಲ್ಲಿ ಉಳಿದ ಸಾರಜನಕದ ಲವಣಗಳು. ತಾಮ್ರ ಸಿಕ್ಕಿದರೆ ಅದು ಬಹುಮಟ್ಟಿಗೆ ಕೋರೆಯದ್ದಲ್ಲ, ಅಡಕೆ ತೋಟಕ್ಕೆ ಬಿಡುವ ಮದ್ದಿನದು. ಈ ಒಂದು ಮಾತನ್ನು ಮರೆತರೆ ಇಡೀ ಕೆಲಸ ಹಾಳಾಗುತ್ತದೆ. ಅದಕ್ಕೇ ಜಾಗ ಆರಿಸುವ ಹಂತಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಬೇಕಾಗುವ ಸಾಮಾನು

ಸೊಳ್ಳೆಪರದೆಯಂಥ ನೈಲಾನ್ ಬಲೆ (ಕಣ್ಣು ಸುಮಾರು 1 ಮಿ.ಮೀ.), ನೈಲಾನ್ ದಾರ, ಪ್ಲಾಸ್ಟಿಕ್ ಚೀಟಿ, ಜಿಪ್ ಇರುವ ಪ್ಲಾಸ್ಟಿಕ್ ಕವರು, ಐಸ್ ಪೆಟ್ಟಿಗೆ, 250 ಮಿ.ಲೀ. ಕೋನಿಕಲ್ ಫ್ಲಾಸ್ಕುಗಳು, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಮತ್ತು ಸಪೂರ ಕೊಳವೆ, 5 ಮೈಕ್ರೊಮೀಟರ್ ರಂಧ್ರದ ಮೆಂಬ್ರೇನ್ ಫಿಲ್ಟರು, ಅದನ್ನು ಕೂರಿಸುವ ಸಿರಿಂಜ್ ಹೋಲ್ಡರು, 50 ಮಿ.ಲೀ. ಸಿರಿಂಜು, ಲ್ಯಾಕ್ಟೋಫೀನಾಲಿನಲ್ಲಿ ಕಲಸಿದ 0.1 ಶೇಕಡಾ ಕಾಟನ್ ಬ್ಲೂ ಬಣ್ಣ, ಟ್ವೀನ್ 80, 10 ಮತ್ತು 40 ಪಟ್ಟಿನ ಮಸೂರಗಳಿರುವ ಸೂಕ್ಷ್ಮದರ್ಶಕ, ಮಿಲಿಗ್ರಾಂ ತೋರಿಸುವ ತಕ್ಕಡಿ, ಒಣಗಿಸುವ ಓವನ್. ಪಿಎಚ್ ಮೀಟರು, ವಾಹಕತೆ ಮೀಟರು, ಥರ್ಮಾಮೀಟರು ಕಾಲೇಜಿನಲ್ಲಿ ಹೇಗೂ ಇರುತ್ತವೆ.

ಒಂದು ಎಚ್ಚರಿಕೆ ಈಗಲೇ ಹೇಳಬೇಕು. ಚೀಲ ಕಟ್ಟಲು ಜಿಐ ತಂತಿ, ತಾಮ್ರದ ತಂತಿ, ಹಿತ್ತಾಳೆ ಕ್ಲಿಪ್ಪು ಯಾವುದನ್ನೂ ಬಳಸಬೇಡಿ. ಜಿಐ ತಂತಿಯ ಮೇಲಿನ ಲೇಪ ಸತುವಿನದು. ಅದು ನೀರಿನಲ್ಲಿ ಕರಗಿ ನಿಮ್ಮ ಎಲೆಗೇ ವಿಷವಾಗುತ್ತದೆ. ಆಗ ನೀವು ಅಳೆಯುವುದು ಕೋರೆಯ ಪರಿಣಾಮವನ್ನಲ್ಲ, ನಿಮ್ಮ ತಂತಿಯ ಪರಿಣಾಮವನ್ನು.

ಹಂತ 1: ನಾಲ್ಕು ಜಾಗ ಆರಿಸಿ

ಹೆಚ್ಚಿನವರು ಕೋರೆಯ ಮೇಲೆ ಒಂದು, ಕೆಳಗೆ ಒಂದು ಜಾಗ ಆರಿಸಿ ಮುಗಿಸುತ್ತಾರೆ. ನಮ್ಮ ಊರುಗಳಲ್ಲಿ ಅದು ಸಾಲದು. ಗುಡ್ಡೆಯಲ್ಲಿ ಕೋರೆ, ಅದರ ಬುಡದ ಬೈಲಿನಲ್ಲಿ ಅಡಕೆ ತೋಟ, ಎರಡರ ನೀರೂ ಒಂದೇ ತೋಡಿಗೆ. ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಅಂದರೆ ಒಂದು 100 ಲೀಟರ್ ಡ್ರಮ್ಮಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಶಿಲೀಂಧ್ರದಂಥ ರೋಗಾಣುವನ್ನು ಕೊಲ್ಲಲೆಂದೇ ಮಾಡಿದ ಮದ್ದು ಅದು. ತೋಡಿನ ಶಿಲೀಂಧ್ರವನ್ನು ಬಿಟ್ಟು ಅಡಕೆಯ ರೋಗವನ್ನು ಮಾತ್ರ ಕೊಲ್ಲು ಎಂದರೆ ತಾಮ್ರಕ್ಕೆ ತಿಳಿಯುವುದಿಲ್ಲ.

ಆದ್ದರಿಂದ ಜಾಗಗಳು ಹೀಗಿರಲಿ:

ಕ. ಕೋರೆಯ ನೀರು ಸೇರುವುದಕ್ಕಿಂತ ಮೇಲೆ, ತೋಟವೂ ಇಲ್ಲದ ಕಡೆ.
ಖ. ಕೋರೆಯ ನೀರು ಸೇರಿದ ಮೇಲೆ, ಮೊದಲ ತೋಟಕ್ಕಿಂತ ಮುಂಚೆ. ಎರಡು ನೀರು ಚೆನ್ನಾಗಿ ಬೆರೆತಿರಬೇಕು. ಸಣ್ಣ ತೋಡಾದರೆ ಸೇರುವಲ್ಲಿಂದ 50ರಿಂದ 100 ಮೀಟರ್ ಕೆಳಗೆ ಸಾಕು.
ಗ. ಕೋರೆ ಮತ್ತು ತೋಟ ಎರಡರ ನೀರೂ ಸೇರಿದ ಮೇಲೆ.
ಘ. ಪಕ್ಕದ ಇನ್ನೊಂದು ತೋಡು. ಅಲ್ಲಿ ತೋಟ ಇರಬೇಕು, ಕೋರೆ ಇರಬಾರದು.

ಖ ಜಾಗವೇ ನಿಮ್ಮ ಮುಖ್ಯ ಸಾಕ್ಷಿ. ಖ ಸಿಗದಿದ್ದರೆ, ಅಂದರೆ ಕೋರೆಯ ನೀರು ನೇರ ತೋಟದೊಳಗೇ ಇಳಿಯುವುದಾದರೆ, ಘ ಜಾಗವನ್ನು ಬಿಡಲೇಬಾರದು.

ನಾಲ್ಕೂ ಕಡೆ ನೆರಳು, ಆಳ, ನೀರಿನ ಓಟ, ತಳದ ಕಲ್ಲು ಆದಷ್ಟು ಒಂದೇ ತರ ಇರಲಿ. ಕ ಜಾಗ ಕಾಡಿನ ನೆರಳಿನಲ್ಲಿದ್ದು ಖ ಜಾಗ ಬಿಸಿಲಿಗೆ ಬಿದ್ದಿದ್ದರೆ ವ್ಯತ್ಯಾಸ ಕೋರೆಯಿಂದಲೇ ಬಂತು ಎನ್ನಲಾಗದು. ಮರಗಳಿಲ್ಲದ ಕಡೆ ಉದುರುವ ಎಲೆಯೂ ಕಡಿಮೆ, ಶಿಲೀಂಧ್ರದ ಜಾತಿಗಳೂ ಕಡಿಮೆ.

ಕಟ್ಟಗಳ ವಿಷಯದಲ್ಲಿ ಜಾಗ್ರತೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟಿದರೆ ಹರಿಯುವ ನೀರು ನಿಂತ ನೀರಾಗುತ್ತದೆ. ಈ ಶಿಲೀಂಧ್ರಗಳಿಗೆ ಬೇಕಾದದ್ದು ಗಾಳಿ ತುಂಬಿದ ಹರಿಯುವ ನೀರು. ಕಟ್ಟದ ಹಿನ್ನೀರಿನಲ್ಲಿ ಸಿಕ್ಕಿಕೊಂಡ ಚೀಲ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟುವ ದಿನ ಏಳುವ ಕೆಸರೂ ಕೆಳಗಿನ ಜಾಗಗಳನ್ನು ಕೆಡಿಸುತ್ತದೆ. ಈ ವರ್ಷ ಕಟ್ಟ ಎಲ್ಲಿ, ಯಾವಾಗ ಹಾಕುತ್ತೀರಿ ಎಂದು ತೋಟದವರಲ್ಲಿ ಮೊದಲೇ ಕೇಳಿ ಬರೆದುಕೊಳ್ಳಿ.

ಹಂತ 2: ಕಾಲ ನೋಡಿ ಇಳಿಯಿರಿ

ಅಡಕೆಗೆ ಮೊದಲ ಮದ್ದು ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40–45 ದಿನ ಬಿಟ್ಟು, ಆಟಿಯಲ್ಲಿ (ಜುಲೈ–ಆಗಸ್ಟ್) ಬಿಸಿಲು ಕಂಡಾಗ. ಮಳೆ ಜೋರಿದ್ದ ವರ್ಷ ಮೂರನೆಯದೂ ಇರುತ್ತದೆ. ತೋಡಿನ ಇಕ್ಕೆಲದ ತೋಟಗಳಲ್ಲಿ ಮದ್ದು ಬಿಟ್ಟ ತಾರೀಕು, ಡ್ರಮ್ಮು ತೊಳೆದ ನೀರು ಎಲ್ಲಿಗೆ ಹೋಯಿತು ಎಂಬುದು ನಿಮ್ಮ ಪುಸ್ತಕದಲ್ಲಿ ಇರಲೇಬೇಕು. ತೋಟದವರನ್ನು ಅಪರಾಧಿ ಮಾಡುವ ಧಾಟಿಯಲ್ಲಿ ಕೇಳಬೇಡಿ. ಅವರೇ ಈ ಕೆಲಸದ ಪಾಲುದಾರರು, ಅವರ ತೋಡು ಅದು.

ಎಲೆಚೀಲ ಇಡಲು ಒಳ್ಳೆಯ ಕಾಲ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ. ನೀರಿನ ಓಟ ಹದಕ್ಕೆ ಬಂದಿರುತ್ತದೆ, ಮದ್ದಿನ ಕಾಲ ಮುಗಿದಿರುತ್ತದೆ, ಮಳೆಗಾಲದಲ್ಲಿ ಬಂದ ಕೆಸರು ತಳದಲ್ಲಿ ಇನ್ನೂ ಕೂತಿರುತ್ತದೆ. ಜನವರಿಯ ನಂತರ ಸಣ್ಣ ತೋಡುಗಳು ಬತ್ತಲು ಶುರು. ಜೂನ್, ಜುಲೈಯಲ್ಲಿ ಪ್ರಯತ್ನಿಸುವುದು ಬೇಡ. ಚೀಲವೂ ಹೋಗುತ್ತದೆ, ನೀರಿಗಿಳಿದವರ ಜೀವಕ್ಕೂ ಅಪಾಯ.

ಗಂಬೂಟು, ಕೈಗವಸು ಇಲ್ಲದೆ ತೋಡಿಗೆ ಇಳಿಯಬೇಡಿ. ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಇಲಿಜ್ವರ ತಗಲಬಹುದು. ಕೋರೆಯಲ್ಲಿ ಬೆಡಿ ಹಚ್ಚುವ ಹೊತ್ತು ಕೇಳಿ ತಿಳಿದುಕೊಂಡು ಆ ಹೊತ್ತಿಗೆ ಅತ್ತ ಸುಳಿಯಬೇಡಿ. ರಕ್ಷಿತಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಹಂತ 3: ಎಲೆಚೀಲ ಮಾಡಿ ಇಡಿ

ಒಂದೇ ಮರದ, ಒಂದೇ ಕಾಲದಲ್ಲಿ ಹಳದಿಯಾಗಿ ಆಗಷ್ಟೇ ಉದುರಿದ ಎಲೆ ತೆಗೆದುಕೊಳ್ಳಿ. ಆಲ ಅಥವಾ ಹಲಸು ಆಗಬಹುದು. ಗೇರಿನ ಎಲೆಯಲ್ಲಿ ಒಗರು ಜಾಸ್ತಿ, ಅಕೇಶಿಯಾ ಎಲೆ ಗಡುಸು. ಎರಡರಲ್ಲೂ ಶಿಲೀಂಧ್ರ ನಿಧಾನ. ರಬ್ಬರ್ ಎಲೆ ಬೇಗ ಕೊಳೆಯುತ್ತದೆ, ಆದರೆ ಆ ತೋಟಗಳಲ್ಲೂ ತಾಮ್ರದ ಮದ್ದು ಬಿಡುತ್ತಾರೆ. ಮದ್ದು ತಾಗಿದ ಎಲೆ ಖಂಡಿತ ಬೇಡ.

ನೆರಳಿನಲ್ಲಿ ಒಂದು ವಾರ ಒಣಗಿಸಿ. 20 ಸೆ.ಮೀ. ಉದ್ದಗಲದ ಪ್ರತಿ ಚೀಲಕ್ಕೆ 5 ಗ್ರಾಂ ತೂಗಿ ತುಂಬಿ, ತೂಕವನ್ನು ಎರಡು ದಶಮಾಂಶದವರೆಗೆ ಬರೆಯಿರಿ. ಒಣಗಿದ ಎಲೆ ಚೀಲದೊಳಗೆ ಮುರಿಯುತ್ತದೆ. ತುಂಬುವ ಮುಂಚೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಆದರೆ ತೂಗುವುದು ಒಣಗಿದ್ದಾಗಲೇ.

ಜಾಗಕ್ಕೆ 8 ಚೀಲ: 14ನೇ ದಿನ ತೆಗೆಯಲು 4, 28ನೇ ದಿನಕ್ಕೆ 4. ನಾಲ್ಕು ಜಾಗಕ್ಕೆ 32. ಇನ್ನೂ 4 ಚೀಲ ಹೆಚ್ಚಿಗೆ ಮಾಡಿ ತೋಡಿಗೆ ತೆಗೆದುಕೊಂಡು ಹೋಗಿ, ನೀರಿಗೆ ಅದ್ದಿ, ಕೂಡಲೇ ವಾಪಸು ತನ್ನಿ. ಸಾಗಿಸುವಾಗ ಎಷ್ಟು ಹುಡಿ ಉದುರಿತು ಎಂಬುದು ಇದರಿಂದ ಗೊತ್ತಾಗುತ್ತದೆ.

ಚೀಲಗಳನ್ನು ನೈಲಾನ್ ದಾರದಲ್ಲಿ ಸಾಲಾಗಿ ಕಟ್ಟಿ, ದಾರದ ಎರಡು ತುದಿಯನ್ನು ದಡದ ಬೇರಿಗೋ ದೊಡ್ಡ ಕಲ್ಲಿಗೋ ಬಿಗಿಯಿರಿ. ಚೀಲ ನೀರಿನೊಳಗೆ, ತಳಕ್ಕೆ ತಾಗಿಯೂ ತಾಗದ ಹಾಗೆ ಇರಬೇಕು. ಕೋರೆಯ ಕೆಳಗಿನ ತೋಡಿನಲ್ಲಿ ತಳಕ್ಕೆ ಬಿಟ್ಟ ಚೀಲ ಒಂದೇ ಮಳೆಗೆ ಹೂತು ಹೋಗುತ್ತದೆ. ಹೂತ ಎಲೆಗೆ ಆಮ್ಲಜನಕ ಸಿಗದೆ ಶಿಲೀಂಧ್ರ ಕುಗ್ಗುವುದು ನಿಜವಾದ ಪರಿಣಾಮವೇ. ಆದರೆ ಹೂತದ್ದನ್ನು ತೇಲುತ್ತಿದ್ದುದರ ಜೊತೆ ಹೋಲಿಸಬಾರದು. ಹೂತ ಚೀಲಗಳನ್ನು ಬೇರೆಯೇ ಗುರುತು ಹಾಕಿ ಇಟ್ಟುಕೊಳ್ಳಿ.

ಹಂತ 4: ನೀರಿನ ಅಳತೆ

ಚೀಲ ಇಡುವ ದಿನ, 14ನೇ ದಿನ, 28ನೇ ದಿನ, ಜೊತೆಗೆ ನಡುವೆ ಒಂದು ಮಳೆ ಬಂದರೆ ಮಳೆ ಬಿಟ್ಟ ಒಂದೆರಡು ಗಂಟೆಯೊಳಗೆ ಅಳೆಯಿರಿ. ಕೋರೆಯ ಹೊಡೆತ ಇರುವುದೇ ಆ ಮಳೆನೀರಿನಲ್ಲಿ. ತಿಳಿಯಾದ ಮೇಲೆ ತೆಗೆದ ಬಾಟಲಿ ಅದನ್ನು ತೋರಿಸುವುದಿಲ್ಲ. ಉಷ್ಣತೆ, ಪಿಎಚ್, ವಾಹಕತೆ, ಕರಗಿದ ಆಮ್ಲಜನಕ ಜಾಗದಲ್ಲೇ ನೋಡಿ. ಕೆಸರಿನ ಪ್ರಮಾಣಕ್ಕೆ 500 ಮಿ.ಲೀ. ನೀರನ್ನು ಮೊದಲೇ ತೂಗಿದ ಫಿಲ್ಟರಿನಲ್ಲಿ ಸೋಸಿ, ಒಣಗಿಸಿ, ಮತ್ತೆ ತೂಗಿ.

ಲೋಹದ ಪರೀಕ್ಷೆಗೆ ಬೇರೆ ಬಾಟಲಿ. ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ತೊಳೆದು ಶುದ್ಧ ನೀರಿನಲ್ಲಿ ಜಾಲಿಸಿದ ಪಾಲಿಥೀನ್ ಬಾಟಲಿ ಆಗಬೇಕು. ಸೋಸಿದ ನೀರಿಗೆ ಪಿಎಚ್ 2ಕ್ಕಿಂತ ಕೆಳಗೆ ಬರುವಷ್ಟು ನೈಟ್ರಿಕ್ ಆಮ್ಲ ಹಾಕಿ ಕಳುಹಿಸಿ, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಹಿಡಿದು ವರದಿಯಲ್ಲಿ ಕಡಿಮೆ ಬರುತ್ತದೆ. ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ ಕೇಳಿ. ಗಡಸುತನವನ್ನೂ ಕೇಳಿ. ಕೆಂಪುಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೆದು ಮತ್ತು ಸ್ವಲ್ಪ ಆಮ್ಲೀಯ. ಮೆದು ನೀರಿನಲ್ಲಿ ಅಷ್ಟೇ ತಾಮ್ರ ಹೆಚ್ಚು ವಿಷವಾಗುತ್ತದೆ.

"ಮಿತಿಯೊಳಗಿದೆ" ಎಂಬ ಮಾತಿನ ಅರ್ಥ ಇಲ್ಲಿ ತಿಳಿದುಕೊಳ್ಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಸತುವಿನ ಅಪೇಕ್ಷಿತ ಮಿತಿ ಲೀಟರಿಗೆ 5 ಮಿ.ಗ್ರಾಂ, ತಾಮ್ರದ್ದು 0.05 ಮಿ.ಗ್ರಾಂ. ಬೇರೆ ಮೂಲವಿಲ್ಲದಿದ್ದರೆ ತಾಮ್ರ 1.5 ಮಿ.ಗ್ರಾಂ ವರೆಗೂ ಆಗಬಹುದು ಎನ್ನುತ್ತದೆ ಅದೇ ಮಾನಕ. ಇದು ಮನುಷ್ಯನ ಆರೋಗ್ಯಕ್ಕೂ ನೀರಿನ ರುಚಿಗೂ ಮಾಡಿದ ಲೆಕ್ಕ. ನೀರೊಳಗೇ ಇಡೀ ಬದುಕು ಕಳೆಯುವ ಶಿಲೀಂಧ್ರಕ್ಕಾಗಲಿ ಹುಳುವಿಗಾಗಲಿ ಮಾಡಿದ್ದಲ್ಲ.

ಹಂತ 5: ಚೀಲ ತೆಗೆದು ಗಾಳಿ ಹಾಯಿಸಿ

ಚೀಲವನ್ನು ನೀರಿನೊಳಗೇ ಜಿಪ್ ಕವರಿಗೆ ಇಳಿಸಿ ಮೇಲೆತ್ತಿ. ಐಸ್ ಪೆಟ್ಟಿಗೆಯಲ್ಲಿ ಇಡುವಾಗ ಐಸಿಗೆ ನೇರ ತಾಗದಂತೆ ನಡುವೆ ಬಟ್ಟೆ ಹಾಕಿ. ಅದೇ ದಿನ, ತಪ್ಪಿದರೆ 24 ಗಂಟೆಯೊಳಗೆ ಕೆಲಸ ಶುರು ಮಾಡಿ.

ಎಲೆಗಳನ್ನು ಒಂದೊಂದಾಗಿ ಶುದ್ಧ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ಕೆಸರು ತೆಗೆಯಿರಿ. ಉಜ್ಜಬೇಡಿ, ನಲ್ಲಿಯ ಕೆಳಗೂ ಹಿಡಿಯಬೇಡಿ. ಕ್ಲೋರಿನ್ ಇರುವ ನೀರು ತಾಗಿದರೆ ಬೀಜಾಣು ಬರುವುದು ನಿಂತು ಹೋಗುತ್ತದೆ. ಕಾರ್ಕ್ ಬೋರರಿನಿಂದ 1.5 ಸೆ.ಮೀ. ಅಗಲದ 10 ಬಿಲ್ಲೆ ಕತ್ತರಿಸಿ. ನಡುನರ ಬಿಟ್ಟು, ಬೇರೆ ಬೇರೆ ಎಲೆಗಳಿಂದ ಒಂದೊಂದು. ಬಿಲ್ಲೆಗಳನ್ನು 150 ಮಿ.ಲೀ. ಭಟ್ಟಿ ಇಳಿಸಿದ ನೀರಿರುವ ಫ್ಲಾಸ್ಕಿಗೆ ಹಾಕಿ, ಕೊಳವೆಯ ತುದಿ ತಳ ಮುಟ್ಟುವಂತೆ ಇಟ್ಟು 48 ಗಂಟೆ ಗಾಳಿ ಹಾಯಿಸಿ. ತೊಟ್ಟಿಯಲ್ಲಿ ಬಳಸುವ ಗುಳ್ಳೆಕಲ್ಲು ಬೇಡ, ಬೀಜಾಣು ಅದಕ್ಕೇ ಹಿಡಿದುಕೊಳ್ಳುತ್ತವೆ.

ಪ್ರತಿ ಚೀಲಕ್ಕೆ ಒಂದು ಫ್ಲಾಸ್ಕು. ಎಲ್ಲ ಫ್ಲಾಸ್ಕುಗಳೂ ಒಂದೇ ಮೇಜಿನ ಮೇಲೆ, ಒಂದೇ ಉಷ್ಣತೆಯಲ್ಲಿ, ಗುಳ್ಳೆ ಸಮನಾಗಿ ಬರುವಂತೆ ಇರಲಿ. ಒಂದೇ ಪಂಪಿಗೆ ಹಲವು ಕೊಳವೆ ಕವಲು ಹೊಡೆಸಿದರೆ ಕೊನೆಯ ಫ್ಲಾಸ್ಕಿಗೆ ಗಾಳಿಯೇ ಹೋಗುವುದಿಲ್ಲ. ರಾತ್ರಿ ಕರೆಂಟು ಹೋದರೆ ಪರ್ಯಾಯ ಬೇಕು, ಬ್ಯಾಟರಿ ಪಂಪು ಒಂದು ತಂದಿಟ್ಟುಕೊಳ್ಳಿ. ಕರೆಂಟು ಎಷ್ಟು ಹೊತ್ತು ಹೋಯಿತೆಂದು ಬರೆಯದೆ ಬಿಟ್ಟರೆ, ಗಾಳಿ ಕಡಿಮೆಯಾದ ಫ್ಲಾಸ್ಕಿನ ಕುಸಿತವನ್ನು ಕೋರೆಯ ತಲೆಗೆ ಕಟ್ಟಿದಂತಾಗುತ್ತದೆ.

ಎಲ್ಲ ಜಾಗದ ಬಿಲ್ಲೆಗೂ ಒಂದೇ ಶುದ್ಧ ನೀರು ಬಳಸಿದಾಗ ತಿಳಿಯುವುದು ತೋಡಿನಲ್ಲಿ ಎಲೆಯ ಮೇಲೆ ಏನು ಬೆಳೆದಿತ್ತು ಎಂಬುದು. ಸಮಯವಿದ್ದರೆ ಕ ಜಾಗದ ಇನ್ನಷ್ಟು ಬಿಲ್ಲೆಗಳನ್ನು ಸೋಸಿದ ಖ ನೀರಿನಲ್ಲಿ ಹಾಕಿ ನೋಡಿ. ಆರೋಗ್ಯವಾಗಿದ್ದ ಎಲೆ ಆ ನೀರಿನಲ್ಲಿ ಬೀಜಾಣು ಬಿಡುವುದನ್ನು ಕಡಿಮೆ ಮಾಡಿದರೆ, ತಡೆ ಕರಗಿದ ವಸ್ತುವಿನಿಂದ. ಕಡಿಮೆಯಾಗದಿದ್ದರೆ ಅನುಮಾನ ಕೆಸರಿನ ಕಡೆ ಹೊರಳುತ್ತದೆ. ಖರ್ಚಿಲ್ಲದ, ತುಂಬ ಬೆಲೆಯುಳ್ಳ ಪರೀಕ್ಷೆ ಇದು.

ಹಂತ 6: ಸೋಸಿ, ಬಣ್ಣ ಹಾಕಿ

48 ಗಂಟೆಯಾದ ಮೇಲೆ ಬಿಲ್ಲೆಗಳನ್ನು ತೆಗೆದು ಒಣಗಲು ಇಡಿ. ನೀರಿಗೆ ಎರಡು ಹನಿ ಟ್ವೀನ್ 80 ಹಾಕಿ ಚೆನ್ನಾಗಿ ಕುಲುಕಿ, ಗಾಜಿಗೆ ಅಂಟಿದ ಬೀಜಾಣು ಬಿಡುತ್ತವೆ. ಕೂಡಲೇ ಸೋಸಲಾಗದಿದ್ದರೆ ಪ್ರತಿ 50 ಮಿ.ಲೀ. ನೀರಿಗೆ 2 ಮಿ.ಲೀ. ಫಾರ್ಮಲಿನ್ ಸೇರಿಸಿ. ಇಲ್ಲವಾದರೆ ಬೀಜಾಣುಗಳು ಮೊಳೆತು ಆಕಾರ ಕೆಡುತ್ತದೆ. ಫಾರ್ಮಲಿನ್ ಕೆಲಸ ಕಿಟಕಿ ತೆರೆದು, ಕೈಗವಸು ಹಾಕಿಯೇ ಮಾಡಿ.

50 ಮಿ.ಲೀ. ನೀರನ್ನು ಫಿಲ್ಟರಿನಲ್ಲಿ ದಾಟಿಸಿ, ಫಿಲ್ಟರನ್ನು ಸ್ಲೈಡಿನ ಮೇಲಿಟ್ಟು, ಕಾಟನ್ ಬ್ಲೂ ಹನಿಸಿ, ಕವರ್ ಸ್ಲಿಪ್ ಮುಚ್ಚಿ. ಖ ಮತ್ತು ಗ ಜಾಗದ ನೀರಿನಲ್ಲಿ ಉಳಿದ ಕೆಸರು ಫಿಲ್ಟರನ್ನು ಕಟ್ಟಿಸಿ, ಬೀಜಾಣುವನ್ನೂ ಮುಚ್ಚಿಬಿಡುತ್ತದೆ. ಅಲ್ಲಿ 10 ಮಿ.ಲೀ. ಹಾಗೆ ಐದು ಫಿಲ್ಟರು ಮಾಡಿ. ಸಿರಿಂಜನ್ನು ಬಲವಾಗಿ ಒತ್ತಿದರೆ ಸಪೂರ ಬೀಜಾಣುಗಳು ರಂಧ್ರದಲ್ಲಿ ನುಸುಳಿ ಹೋಗುತ್ತವೆ, ಮುರಿಯುತ್ತವೆ.

ಹಂತ 7: ಗುರುತಿಸಿ, ಎಣಿಸಿ

100 ಪಟ್ಟಿನಲ್ಲಿ (10ರ ಮಸೂರ) ಹುಡುಕಿ, 400 ಪಟ್ಟಿನಲ್ಲಿ (40ರ ಮಸೂರ) ಖಚಿತ ಮಾಡಿಕೊಳ್ಳಿ. ಇವುಗಳ ಬೀಜಾಣು ಗುಂಡಗಿರುವುದಿಲ್ಲ. ಕೆಲವು ನೆಗ್ಗಿಲ ಮುಳ್ಳಿನ ಹಾಗೆ ನಾಲ್ಕು ತೋಳಿನವು. ಹೇಗೆ ಬಂದು ಬಿದ್ದರೂ ಮೂರು ತುದಿ ಎಲೆಗೆ ತಾಗಿ ನಿಲ್ಲುತ್ತವೆ. ಉಳಿದವು ಎಳೆಯಂತೆ ಉದ್ದ. ನಮ್ಮ ತೊರೆಗಳಲ್ಲಿ ಸಾಮಾನ್ಯವಾಗಿ ಸಿಗುವವು: ಅರ್ಧಚಂದ್ರದಂತೆ ಬಾಗಿದ ಲೂನುಲೋಸ್ಪೋರಾ ಕರ್ವುಲಾ, ಒಂದು ಕಡ್ಡಿಯ ಬುಡದ ಹತ್ತಿರದಿಂದ ಮೂರು ತೋಳು ಚಾಚುವ ಟ್ರೈಸೆಲೋಫೋರಸ್, ಹುಳದಂತೆ ಉದ್ದಕ್ಕೆ ಬಳುಕಿದ ಆಂಗ್ವಿಲೋಸ್ಪೋರಾ ಲಾಂಗಿಸಿಮಾ, ತೀರ ಸಪೂರ ಎಳೆಯಂಥ ಫ್ಲಾಜೆಲೋಸ್ಪೋರಾ ಪೆನಿಸಿಲಿಯಾಯ್ಡಿಸ್.

ಮೊದಲ ಸಲ ನೋಡುವವರು ಕ ಜಾಗದ ನೊರೆಯಿಂದ ಅಭ್ಯಾಸ ಮಾಡಿ. ಕಲ್ಲಿನ ಸಂದಿನಲ್ಲಿ ನಿಂತ ಬಿಳಿ ನೊರೆಯನ್ನು ಚಮಚದಲ್ಲಿ ಬಾಟಲಿಗೆ ತುಂಬಿ, ಕರಗಿದ ಮೇಲೆ ಒಂದು ಹನಿ ನೋಡಿದರೆ ರಾಶಿ ಬೀಜಾಣು ಸಿಗುತ್ತವೆ. ಆದರೆ ನೊರೆಯನ್ನು ಹೋಲಿಕೆಗೆ ಬಳಸಬೇಡಿ. ಅದರಲ್ಲಿರುವವು ಮೇಲಿನಿಂದ ಎಲ್ಲೆಲ್ಲಿಂದಲೋ ತೇಲಿ ಬಂದವು. ಕೋರೆಯ ಕೆಳಗಿನ ನೊರೆಯಲ್ಲಿ ಬೀಜಾಣು ಕಂಡಿತು, ಹಾಗಾಗಿ ತೋಡು ಚೆನ್ನಾಗಿದೆ ಎಂದು ಬರೆದರೆ ಅದು ತಪ್ಪು.

ಎಲೆಯ ನಕ್ಷತ್ರದಂಥ ರೋಮಗಳು, ಸಿಹಿನೀರ ಸ್ಪಂಜಿನ ಸೂಜಿಗಳು, ಉದ್ದ ಡಯಾಟಮ್‌ಗಳು ಮೋಸ ಮಾಡುತ್ತವೆ. ಬೀಜಾಣುವಿನ ಒಳಗೆ ನೀಲಿ ಬಣ್ಣ ಹಿಡಿದ ಜೀವರಸ ಕಾಣಬೇಕು, ಹೆಚ್ಚಿನವುಗಳಲ್ಲಿ ಅಡ್ಡಗೋಡೆಯೂ ಕಾಣುತ್ತದೆ. ಗಾಜಿನಂತೆ ಹೊಳೆದು ಬಣ್ಣ ಹಿಡಿಯದಿದ್ದರೆ ಬಿಟ್ಟುಬಿಡಿ. ಹೆಸರು ಗೊತ್ತಾಗದ್ದಕ್ಕೆ "ಆಕಾರ 1", "ಆಕಾರ 2" ಎಂದು ಚಿತ್ರ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಊಹೆಯ ಹೆಸರಿಗಿಂತ ಅದು ಎಷ್ಟೋ ಮೇಲು.

ಎಣಿಸುವವರಿಗೆ ಸ್ಲೈಡು ಯಾವ ಜಾಗದ್ದೆಂದು ತಿಳಿಯಬಾರದು. ಬೇರೊಬ್ಬರು ಸಂಕೇತ ಸಂಖ್ಯೆ ಹಾಕಿ ಕೊಡಲಿ.

ಲೆಕ್ಕ ಹೀಗೆ. 150 ಮಿ.ಲೀ.ಯಲ್ಲಿ 50 ಮಿ.ಲೀ. ಸೋಸಿ 900 ಬೀಜಾಣು ಸಿಕ್ಕಿದರೆ ಒಟ್ಟು 2700. ಆ 10 ಬಿಲ್ಲೆಗಳ ಒಣತೂಕ (ಹಂತ 8ರಂತೆ ಬೂದಿ ಕಳೆದದ್ದು) 100 ಮಿ.ಗ್ರಾಂ ಆದರೆ, 48 ಗಂಟೆಯಲ್ಲಿ ಪ್ರತಿ ಮಿಲಿಗ್ರಾಂ ಎಲೆಗೆ 27 ಬೀಜಾಣು.

ಹಂತ 8: ತೂಕದಲ್ಲಿ ಕೆಸರಿನ ಮೋಸ

ಉಳಿದ ಎಲೆಯನ್ನೂ ಬಿಲ್ಲೆಗಳನ್ನೂ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಕೋರೆಯ ಕೆಳಗಿನ ಎಲೆಗೆ ಎಷ್ಟು ತೊಳೆದರೂ ನುಣುಪು ಮಣ್ಣು ಹಿಡಿದೇ ಇರುತ್ತದೆ. ಅದರ ಭಾರ ಸೇರಿ ಎಲೆ ಕೊಳೆಯಲೇ ಇಲ್ಲವೆಂಬಂತೆ ಕಾಣುತ್ತದೆ. ಹಾಗಾಗಿ ಒಣಗಿದ್ದನ್ನು ಪುಡಿ ಮಾಡಿ, ಒಂದು ಪಾಲನ್ನು ಮಫಲ್ ಕುಲುಮೆಯಲ್ಲಿ 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು, ಉಳಿದ ಬೂದಿಯನ್ನು ಇಡೀ ತೂಕಕ್ಕೆ ಲೆಕ್ಕ ಹಾಕಿ ಕಳೆಯಿರಿ. ಇಡದೆ ಉಳಿಸಿದ ಎಲೆಗೂ ಹೀಗೇ ಮಾಡಿ. ಬೀಜಾಣುವಿನ ಲೆಕ್ಕಕ್ಕೂ ಬೂದಿ ಕಳೆದ ತೂಕವನ್ನೇ ಹಿಡಿಯಬೇಕು, ಇಲ್ಲವಾದರೆ ಮಣ್ಣಿನ ಭಾರದಿಂದಲೇ ಖ ಜಾಗದ ಅಂಕಿ ತಗ್ಗುತ್ತದೆ.

ಹಂತ 9: ಅಂಕಿಗಳನ್ನು ಓದುವುದು

ಖ ಜಾಗದಲ್ಲಿ ಬೀಜಾಣು ಕುಸಿದು, ಜಾತಿಗಳು ಮಾತ್ರ ಕ ಜಾಗದಷ್ಟೇ ಇದ್ದರೆ, ತಾಮ್ರ ಸತು ವರದಿಯಲ್ಲಿ ಇಲ್ಲದಿದ್ದರೆ, ಕೆಸರು ಎಲೆಯನ್ನು ಮುಚ್ಚಿ ಆಮ್ಲಜನಕ ತಪ್ಪಿಸುತ್ತಿದೆ ಎಂಬ ವಾದಕ್ಕೆ ಬಲ ಬರುತ್ತದೆ. ಜಾತಿಗಳೂ ಕಳೆದು ಒಂದೆರಡೇ ರಾಜ್ಯಭಾರ ಮಾಡುತ್ತಿದ್ದರೆ ವಿಷದ ಕಡೆ ನೋಡಿ. ಆ ಕುಸಿತ ಖ ಜಾಗದಲ್ಲೇ ಇದೆಯೋ, ಗ ಮತ್ತು ಘ ಜಾಗದಲ್ಲಿ ಮಾತ್ರವೋ? ಗ, ಘ ಎರಡೂ ಕುಸಿದು ಖ ಚೆನ್ನಾಗಿದ್ದರೆ ಅದು ಮದ್ದಿನ ತಾಮ್ರ. ಕೋರೆಯ ಮೇಲೆ ದೂರು ಬರೆಯುವ ಮುಂಚೆ ಇದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಬೇಕು.

ಬೀಜಾಣು ಖ ಜಾಗದಲ್ಲಿ ಹೆಚ್ಚಾಗಲೂಬಹುದು. ಸ್ಫೋಟಕದ ಸಾರಜನಕ, ತೋಟದ ಗೊಬ್ಬರ ಮಿತವಾಗಿ ಸೇರಿದರೆ ಶಿಲೀಂಧ್ರ ಚುರುಕಾಗುತ್ತದೆ. ನೈಟ್ರೇಟ್ ಅಳೆಯದೆ ಇಂಥ ಅಂಕಿಯನ್ನು "ಹಾನಿ ಇಲ್ಲ" ಎಂದು ಓದಬಾರದು. ಎಲೆಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಹಿಡಿದಿದ್ದರೆ ಅದು ಕಬ್ಬಿಣದ ಪದರ. ಅದೂ ಉಸಿರು ಕಟ್ಟಿಸುತ್ತದೆ. ಅದರ ಫೋಟೊ ವರದಿಯಲ್ಲಿ ಇರಲಿ.

ನಾಲ್ಕು ಚೀಲದ ನಾಲ್ಕು ಅಂಕಿಗಳನ್ನೂ ಬಿಡಿಯಾಗಿ ಕೊಡಿ, ಸರಾಸರಿ ಮಾತ್ರ ಬೇಡ. ಒಂದು ಫ್ಲಾಸ್ಕಿನ 10 ಬಿಲ್ಲೆಗಳನ್ನು ಹತ್ತು ಪ್ರಯೋಗವೆಂದು ಎಣಿಸಬೇಡಿ, ಅದು ಒಂದೇ. ಕ ಮತ್ತು ಖ ಜಾಗದ ಅಂಕಿಗಳು ಒಂದರೊಳಗೊಂದು ಸೇರಿಕೊಂಡಿದ್ದರೆ ವ್ಯತ್ಯಾಸ ಸಾಬೀತಾಗಿಲ್ಲವೆಂದೇ ಬರೆದು, ಮುಂದಿನ ಅಕ್ಟೋಬರಿನಲ್ಲಿ ಚೀಲಗಳನ್ನು ಜಾಗಕ್ಕೆ 12 ಮಾಡಿ ಮತ್ತೊಮ್ಮೆ ಇಡಿ.

ಸ್ಲೈಡುಗಳ ಅಂಚಿಗೆ ಉಗುರು ಬಣ್ಣ ಹಚ್ಚಿ ಮುಚ್ಚಿದರೆ ತಿಂಗಳುಗಟ್ಟಲೆ ಉಳಿಯುತ್ತವೆ. ಪಂಚಾಯತಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ವರದಿ ಕೊಡುವಾಗ ಸ್ಲೈಡು, ಫೋಟೊ, ಮದ್ದು ಬಿಟ್ಟ ತಾರೀಕಿನ ಪುಟ, ಮಳೆ ಬಂದ ದಿನಗಳ ಪಟ್ಟಿ, ನಾಲ್ಕು ಜಾಗ ಗುರುತಿಸಿದ ನಕ್ಷೆ ಜೊತೆಗಿರಲಿ. ಎಲ್ಲದರ ಒಂದು ಪ್ರತಿ ನಿಮ್ಮಲ್ಲೂ ಉಳಿಯಲಿ.